ಪ್ಲಗ್ ತಿರುಗಿಸಿದರೆ ಮೋಟಾರ್ ದಿಕ್ಕು ಬದಲಾಗುವುದೇ?

ದೊಡ್ಡಪ್ಪ (ಮೂಡಿಗೆರೆ): ಈ ವಿಡಿಯೊವನ್ನು ಎಲ್ಲರೂ ನೋಡಿರಿ. ಸಿಂಗಲ್ ಫೇಸ್ ಮೋಟಾರ್ ಉಲ್ಟಾ ತಿರುಗಿದರೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕಂತೆ. ರಿವೈಂಡಿಂಗ್ ಮಾಡಿಸಿ ತಂದ ನಮ್ಮ ಬಾವಿಯ ಮೋಟಾರ್ ಉಲ್ಟಾ ತಿರುಗಿ ನೀರು ಸರಿಯಾಗಿ ಬರುತ್ತಿಲ್ಲವಾದ್ದರಿಂದ ನಾಳೆ ಹೀಗೆಯೇ ಮಾಡಲಿದ್ದೇನೆ.

ನಾನು: ದೊಡ್ಡಪ್ಪ, ವಿಡಿಯೊದಲ್ಲಿ ಹೇಳಿರುವುದು ತಪ್ಪು. ನಮ್ಮ ಲೈನಿನಲ್ಲಿ ಬರುವುದು 50 ಸೈಕಲ್ಲಿನ ಕರೆಂಟ್. ಅದರ ದಿಕ್ಕು ಸೆಕೆಂಡಿಗೆ 100 ಸಲ ತಾನಾಗಿಯೇ ಬದಲಾಗುತ್ತಿರುತ್ತದೆ. ಪ್ಲಗ್ ತಿರುಗಿಸಿ, ಅಂದರೆ ಆ ಎರಡು ತಂತಿಗಳನ್ನು ಅದಲುಬದಲು ಮಾಡಿ, ನಾವು ಮಾಡುವುದೂ ಅದನ್ನೇ ಆಗಿರುವಾಗ ಮೋಟಾರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ದೊಡ್ಡಪ್ಪ: ಕಳೆದ ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರ್ ಉಲ್ಟಾ ತಿರುಗಿದಾಗ ಎರಡು ತಂತಿಗಳನ್ನಷ್ಟೇ ಬದಲಿಸಿ ಸರಿಪಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸುಳ್ಳೇನಪ್ಪ?

ನಾನು: ನೀವು ಕಂಡದ್ದು ನಿಜ, ಆದರೆ ಅದು ತ್ರೀ ಫೇಸ್ ಮೋಟಾರ್. ಅಲ್ಲಿ ಮೂರು ಫೇಸುಗಳು ಒಂದರ ಹಿಂದೊಂದು ಬರುವ ಸರದಿಯೇ ದಿಕ್ಕನ್ನು ನಿರ್ಧರಿಸುವುದರಿಂದ ಯಾವ ಎರಡನ್ನು ಬದಲಿಸಿದರೂ ಸರದಿ ತಿರುವುಮುರುವಾಗುತ್ತದೆ. ಸಿಂಗಲ್ ಫೇಸಿನಲ್ಲಿ ಅಂಥ ಸರದಿಯಿಲ್ಲ.

ಅಕ್ಕ (ಚಿಕ್ಕಮಗಳೂರು): ನಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಂಡೆನ್ಸರ್ (ಕೆಪಾಸಿಟರ್) ಹೋದಾಗ ಅದು ಗುಂಯ್‌ಗುಡುತ್ತಾ ನಿಂತಿರುತ್ತಿತ್ತು. ಕೋಲಿನಿಂದ ಯಾವ ಕಡೆಗೆ ತಳ್ಳಿದರೆ ಆ ಕಡೆಗೇ ತಿರುಗುತ್ತಿತ್ತು. ಇದಕ್ಕೇನು ಹೇಳುತ್ತೀಯ?

ನಾನು: ಅಕ್ಕ, ಇಡೀ ವಿಷಯ ನಿನ್ನ ಆ ಕೋಲಿನಲ್ಲೇ ಇದೆ. ಇಂಥ ಮೋಟಾರಿನಲ್ಲಿ ತಂತಿಯ ಎರಡು ಸುರುಳಿಗಳಿರುತ್ತವೆ: ಮುಖ್ಯವಾದ ರನ್ನಿಂಗ್ ವೈಂಡಿಂಗ್, ತಿರುಗಲು ಶುರುಮಾಡಿಸುವ ಸ್ಟಾರ್ಟಿಂಗ್ ವೈಂಡಿಂಗ್. ರನ್ನಿಂಗ್ ವೈಂಡಿಂಗ್ ಒಂದೇ ಕೆಲಸ ಮಾಡುವಾಗ ಅದರ ಕಾಂತಕ್ಷೇತ್ರ ಒಂದೇ ಗೆರೆಯ ಮೇಲೆ ಏರಿಳಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಅದನ್ನು ಎದುರುಬದುರಾಗಿ ಸುತ್ತುವ ಸಮಬಲದ ಎರಡು ಕ್ಷೇತ್ರಗಳೆಂದು ಎಣಿಸಬಹುದು. ನಿಂತ ರೋಟರನ್ನು (ಮೋಟಾರಿನ ಒಳಗೆ ತಿರುಗುವ ಭಾಗವನ್ನು) ಎರಡೂ ಸಮನಾಗಿ ಎಳೆಯುವುದರಿಂದ ಅದು ಕದಲುವುದಿಲ್ಲ, ಒಂದು ಕಡೆಗೆ ತಳ್ಳಿದೊಡನೆ ಆ ಕಡೆಯ ಎಳೆತವೇ ಮೇಲುಗೈ ಪಡೆಯುತ್ತದೆ. (ಹಾಗೆ ನಿಂತ ಫ್ಯಾನಿನ ವೈಂಡಿಂಗ್ ಕಾದು ಸುಟ್ಟುಹೋಗಬಹುದು, ದಯವಿಟ್ಟು ಕೋಲು ಹುಡುಕುವ ಮೊದಲು ಸ್ವಿಚ್ ಆರಿಸು.) ಕೋಲು ಮಾಡಿದ ಕೆಲಸವನ್ನು ಕಂಡೆನ್ಸರ್ ಮಾಡಬೇಕಿತ್ತು. ಅದು ಸ್ಟಾರ್ಟಿಂಗ್ ವೈಂಡಿಂಗಿನ ಕರೆಂಟನ್ನು ರನ್ನಿಂಗ್ ವೈಂಡಿಂಗಿನದಕ್ಕಿಂತ ಮುಂದಾಗಿಸುವುದರಿಂದ, ಕಾಂತಕ್ಷೇತ್ರ ಮೊದಲು ಸ್ಟಾರ್ಟಿಂಗ್ ವೈಂಡಿಂಗಿನ ಧ್ರುವದಲ್ಲಿ ಏರಿ, ಬಳಿಕ ಪಕ್ಕದ ರನ್ನಿಂಗ್ ವೈಂಡಿಂಗಿನ ಅದೇ ಬಗೆಯ ಧ್ರುವಕ್ಕೆ ಸರಿಯುತ್ತದೆ; ರೋಟರ್ ಅದನ್ನು ಹಿಂಬಾಲಿಸುತ್ತದೆ. ಪ್ಲಗ್ ತಿರುಗಿಸಿದಾಗ ಎರಡೂ ವೈಂಡಿಂಗುಗಳು ಒಟ್ಟಿಗೇ ತಿರುವುಮುರುವಾಗಿ ಅವುಗಳ ನಡುವಿನ ಸಂಬಂಧ ಹಾಗೆಯೇ ಉಳಿಯುತ್ತದೆ. ದಿಕ್ಕು ಬದಲಾಗಬೇಕಾದರೆ ಒಂದರ ತುದಿಗಳನ್ನು ಮಾತ್ರ ಬದಲಿಸಬೇಕು.

ದೊಡ್ಡಪ್ಪ: ನನ್ನ ಹಳೆಯ ಚಿಕ್ಕ ಬ್ಲೋವರಿಗೆ ಕಂಡೆನ್ಸರೇ ಇಲ್ಲ. ಅದು ಸದಾ ಒಂದೇ ಕಡೆಗೆ ತಿರುಗುವುದು ಹೇಗೆ?

ನಾನು: ಅಂಥವುಗಳಲ್ಲಿ ಪ್ರತಿ ಧ್ರುವದ ಒಂದು ಅಂಚಿಗೆ ದಪ್ಪ ತಾಮ್ರದ ಬಳೆ ತೊಡಿಸಿರುತ್ತಾರೆ. ಬಳೆಯಲ್ಲಿ ಹುಟ್ಟುವ ಕರೆಂಟ್ ಅಲ್ಲಿನ ಕಾಂತಕ್ಷೇತ್ರವನ್ನು ತಡವಾಗಿಸುವುದರಿಂದ ರೋಟರ್ ಬಳೆಯಿಲ್ಲದ ಕಡೆಯಿಂದ ಬಳೆಯ ಕಡೆಗೆ ತಿರುಗುತ್ತದೆ. ತಂತಿ ಬದಲಿಸಿ ಅದರ ದಿಕ್ಕನ್ನು ಬದಲಿಸಲಾಗದು.

ದೊಡ್ಡಪ್ಪ: ಮೋಟಾರಿನ ಟರ್ಮಿನಲ್ ಬಾಕ್ಸ್ ತೆಗೆಸಿ ನೋಡಿದೆ. ವೈಂಡಿಂಗಿನ ನಾಲ್ಕು ತುದಿಗಳು ಹೊರಬಂದಿವೆ, ಒಂದು ಕಂಡೆನ್ಸರಿಗೆ ಹೋಗಿದೆ.

ನಾನು: ಕಂಡೆನ್ಸರಿನ ಸಾಲಿನಲ್ಲಿರುವುದೇ ಸ್ಟಾರ್ಟಿಂಗ್ ವೈಂಡಿಂಗ್. ಮೇನ್ ಆಫ್ ಮಾಡಿಸಿ, ಕಂಡೆನ್ಸರಿನ ಚಾರ್ಜ್ ಇಳಿಸಿದ ಮೇಲೆ, ಎಲೆಕ್ಟ್ರಿಷಿಯನ್ ಕೈಯಿಂದ ಆ ವೈಂಡಿಂಗಿನ ಎರಡು ತುದಿಗಳನ್ನು ಮಾತ್ರ ಅದಲುಬದಲು ಮಾಡಿಸಿ. ವಿಡಿಯೊವನ್ನು ತೋಟದವರ ಗುಂಪಿನಿಂದಲೂ ಇವತ್ತೇ ಅಳಿಸಿಬಿಡಿ, ದೊಡ್ಡಪ್ಪ.