ವರ್ಣಭೇದದ ವಿರುದ್ಧ ಕ್ಯಾಂಪಸ್ ಹೋರಾಟ: ಹುಡುಗೀರ ಹೆಸರು ಯಾಕೆ ಸಿಗ್ತಿಲ್ಲ?

ಪ್ರಶ್ನೆ:
ಸೆಮಿನಾರ್‌ಗೆ ಅಂತ ಅಮೆರಿಕದ ಸ್ಟೂಡೆಂಟ್ಸ್ ವರ್ಣಭೇದದ ವಿರುದ್ಧ ಮಾಡಿದ ಹೋರಾಟದ ಬಗ್ಗೆ ಓದ್ತಾ ಇದೀನಿ. ಎಲ್ಲಿ ನೋಡಿದ್ರೂ 1960ರ ಫೆಬ್ರವರಿ 1ಕ್ಕೆ ಗ್ರೀನ್ಸ್‌ಬರೋದ ವೂಲ್‌ವರ್ತ್ ಅಂಗಡೀಲಿ ಬಿಳಿಯರಿಗಷ್ಟೇ ಅಂತಿದ್ದ ಊಟದ ಕೌಂಟರಲ್ಲಿ ಹೋಗಿ ಕೂತ ನಾಲ್ಕು ಹುಡುಗರ ಕಥೆನೇ. ಹುಡುಗೀರು ಇರ್ಲೇ ಇಲ್ವಾ? ಬರೀ ಬೋರ್ಡ್ ಹಿಡಿದು ನಿಂತೋರಲ್ಲ, ಮುಂದೆ ಏನ್ಮಾಡ್ಬೇಕು ಅಂತ ತೀರ್ಮಾನ ಮಾಡಿದೋರು ಇದ್ರೆ ಹೇಳಿ.

ಉತ್ತರ 1:
ಇದ್ರು, ಅದೇ ಊರಲ್ಲೇ ಇದ್ರು. ಬೆನೆಟ್ ಕಾಲೇಜು ಅಂತ ಕಪ್ಪು ಹುಡುಗೀರ ಕಾಲೇಜು, ಅಲ್ಲಿನ ವಿದ್ಯಾರ್ಥಿನಿಯರು ಕೂಡಲೇ ಬಂದು ಕೌಂಟರಲ್ಲಿ ಕೂತ್ರು. ಕಾಲೇಜಿನ ಅಧ್ಯಕ್ಷೆ ವಿಲಾ ಪ್ಲೇಯರ್ ಅವರನ್ನ ತಡೀಲಿಲ್ಲ, ಬೆನ್ನಿಗೆ ನಿಂತ್ರು. 1963ರಲ್ಲಿ ತುಂಬಾ ಜನ ವಿದ್ಯಾರ್ಥಿನಿಯರು ಜೈಲು ಸೇರಿದಾಗ ಈಯಮ್ಮ ಅಲ್ಲಿಗೇ ಹೋಗಿ ನೋಡ್ಕೊಂಡು ಬಂದು ಓದು ನಿಲ್ಲದ ಹಾಗೆ ಮೇಷ್ಟ್ರುಗಳಿಂದ ಪಾಠ ಕಳಿಸೋ ವ್ಯವಸ್ಥೆನೂ ಮಾಡಿದ್ರು. ನನಗೆ ಇಡೀ ಕಥೇಲಿ ಇದೇ ತುಂಬಾ ದೊಡ್ಡದು ಅನ್ಸತ್ತೆ, ಯಾಕಂದ್ರೆ ಎಷ್ಟೋ ಕಡೆ ಆಡಳಿತದೋರು ಮೊದಲು ಮಾಡೋ ಕೆಲಸಾನೇ ಮಕ್ಕಳನ್ನ ಹೊರಗೆ ಹಾಕೋದು.

ಉತ್ತರ 2:
ತೀರ್ಮಾನ ಮಾಡಿದೋರು ಅಂದ್ರೆ ಡಯಾನ್ ನ್ಯಾಶ್. ನ್ಯಾಶ್‌ವಿಲ್‌ನ ಫಿಸ್ಕ್ ಯೂನಿವರ್ಸಿಟಿ ವಿದ್ಯಾರ್ಥಿನಿ. 1960ರ ಏಪ್ರಿಲ್ 19ಕ್ಕೆ ಹೋರಾಟಗಾರರ ಲಾಯರ್ ಮನೆಗೆ ಬಾಂಬ್ ಹಾಕಿದ್ರು, ಅವತ್ತೇ ಸಾವಿರಾರು ಜನ ಮೌನವಾಗಿ ಸಿಟಿ ಹಾಲ್‌ಗೆ ನಡೆದ್ರು. ಅಲ್ಲಿ ಮೆಟ್ಟಿಲ ಮೇಲೆ ಈಕೆ ಮೇಯರ್ ಬೆನ್ ವೆಸ್ಟ್‌ನ ನೇರವಾಗಿ ಕೇಳಿದ್ದು, ಬಣ್ಣ ನೋಡಿ ಭೇದ ಮಾಡೋದು ತಪ್ಪು ಅಂತ ನೀವು ಒಪ್ತೀರಾ ಅಂತ. ಒಪ್ಪಿದ್ರು. ಮೇ 10ಕ್ಕೆ ಕೌಂಟರ್‌ಗಳು ಓಪನ್ ಆದ್ವು. ಮರುವರ್ಷ ಬಸ್ಸುಗಳಲ್ಲಿನ ವರ್ಣಭೇದ ಮುರಿಯೋಕೆ ಕಪ್ಪು, ಬಿಳಿಯರು ಒಟ್ಟಿಗೆ ಕೂತು ಹೊರಟ ಫ್ರೀಡಂ ರೈಡ್ ಅನ್ನೋ ಹೋರಾಟದ ಬಸ್ಸನ್ನ ಅಲಬಾಮಾದ ಆನಿಸ್ಟನ್ ಹತ್ರ ಸುಟ್ಟಾಗ ಮೊದಲು ಹೊರಟಿದ್ದೋರು ನಿಲ್ಲಿಸಿದ್ರು. ಇಲ್ಲೇ ಬಿಟ್ರೆ ಹೊಡೆದು ಬಡಿದು ಹೋರಾಟ ನಿಲ್ಲಿಸ್ಬೋದು ಅಂತಾಗತ್ತೆ ಅಂತ ಈಕೆ ನ್ಯಾಶ್‌ವಿಲ್‌ನಿಂದ ಇನ್ನೊಂದು ಗುಂಪು ಕಳಿಸಿದ್ರು. ಹೋಗೋ ಹುಡುಗ ಹುಡುಗೀರಲ್ಲಿ ವಿಲ್ ಬರೆದಿಟ್ಟು ಹೊರಟೋರಿದ್ರು!

ಉತ್ತರ 3:
ರೂಬಿ ಡೋರಿಸ್ ಸ್ಮಿತ್ ಹೆಸರೂ ಸೇರಿಸಿ, ದಯವಿಟ್ಟು. ಸ್ಪೆಲ್ಮನ್ ಕಾಲೇಜು. 1961ರಲ್ಲಿ ರಾಕ್ ಹಿಲ್‌ನಲ್ಲಿ ಅರೆಸ್ಟ್ ಆದಾಗ ಜಾಮೀನು ಬೇಡ ಅಂತ 30 ದಿನ ಜೈಲಲ್ಲೇ ಇದ್ರು, ಜಾಮೀನಿಗೂ ದಂಡಕ್ಕೂ ಹೋರಾಟದ ದುಡ್ಡು ಸುರಿಯೋದ್ಯಾಕೆ ಅನ್ನೋ ಲೆಕ್ಕ. 1966ರಲ್ಲಿ ಎಸ್‌ಎನ್‌ಸಿಸಿ ಅನ್ನೋ ವಿದ್ಯಾರ್ಥಿ ಸಂಘಟನೆಯ ಕಾರ್ಯನಿರ್ವಾಹಕ ಕಾರ್ಯದರ್ಶಿ ಆದ್ರು, ಮುಂದಿನ ವರ್ಷವೇ ತೀರ್ಕೊಂಡ್ರು, ಬರೀ 25 ವರ್ಷ. ಫೋನು, ಗಾಡಿ, ಜಾಮೀನು, ಸಂಬಳ ಇವೆಲ್ಲ ನೋಡ್ಕೊಳ್ಳೋರು ಕ್ಯಾಮೆರಾ ಮುಂದೆ ಬರಲ್ಲ, ಹೆಸರು ಹೋಗಿದ್ದು ಅಲ್ಲೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇತ್ತೀಚಿನದು, ಅಮೆರಿಕ ಬಿಟ್ಟು ಬೇರೆ ಕಡೆದು ಇದ್ಯಾ?

ಉತ್ತರ 2:
ದಕ್ಷಿಣ ಆಫ್ರಿಕಾ ನೋಡಿ, 2015ರ ಅಕ್ಟೋಬರ್. ಜೊಹಾನ್ಸ್‌ಬರ್ಗ್‌ನ ವಿಟ್ಸ್ ಯೂನಿವರ್ಸಿಟೀಲಿ ಫೀಸ್ ಏರಿಕೆ ವಿರುದ್ಧ ಮುಂದೆ ನಿಂತಿದ್ದು ಶಾಯಿರಾ ಕಲ್ಲಾ, ನೊಂಪೆಂಡುಲೊ ಎಂಖಾಟ್ಷ್ವಾ ಅನ್ನೋ ಇಬ್ಬರು ವಿದ್ಯಾರ್ಥಿ ನಾಯಕಿಯರು. ಫೀಸ್ ಅಂದ್ರೆ ಅಲ್ಲಿ ಜನಾಂಗದ ಪ್ರಶ್ನೆನೂ ಹೌದು, ಅಪಾರ್ಥೈಡ್ ಅನ್ನೋ ಹಳೇ ವರ್ಣಭೇದದ ಆಡಳಿತ ಬಿಟ್ಟುಹೋದ ಬಡತನದಿಂದ ಬಂದ ಕಪ್ಪು ಮಕ್ಕಳೇ ಮೊದಲು ಕಾಲೇಜು ಬಿಡ್ಬೇಕಾಗತ್ತೆ. ಅಕ್ಟೋಬರ್ 23ಕ್ಕೆ ಸರ್ಕಾರ ಮುಂದಿನ ವರ್ಷಕ್ಕೆ ಏರಿಕೆನೇ ಇಲ್ಲ ಅಂತ ಘೋಷಿಸ್ತು. 2016ರಲ್ಲಿ ಹೋರಾಟ ಮತ್ತೆ ಶುರುವಾದಾಗ ಪೊಲೀಸರ ರಬ್ಬರ್ ಗುಂಡು ಕಲ್ಲಾ ಬೆನ್ನಿಗೆ ಬಿತ್ತು.