ನೈರೋಬಿಗೆ ಚಾರ್ಟರ್ ಜೆಟ್: ಕಲಬುರಗಿ ಕಡೆಯಿಂದ ಹೋಗಿ ಬಂದವರು ಇದ್ದೀರಾ?

ಬೇಳೆ ಮಿಲ್ ಮ್ಯಾನೇಜರ್, ಕಲಬುರಗಿ
ಶರಣ್ರಿ ಎಲ್ಲರಿಗೂ. ತೊಗರಿ ಖರೀದಿ ಮಾತುಕತೆಗೆ ನಮ್ಮ ಸಾವುಕಾರ್ರು, ಅವರ ಪಾಲುದಾರರು ಸೇರಿ ಎಂಟು ಜನ ನೈರೋಬಿಗೆ ಹೊರಟಿದ್ದಾರೆ. ಅಲ್ಲಿ ಎರಡು ದಿನದ ಕೆಲಸ. ಯಾರೋ ಅವರ ಕಿವಿಯಲ್ಲಿ 'ಸೂಪರ್ ಮಿಡ್‌ಸೈಜ್ ಜೆಟ್ ತಗೊಳ್ಳಿ' (ಮಧ್ಯಮ ಗಾತ್ರಕ್ಕಿಂತ ಒಂದು ಮೆಟ್ಟಿಲು ದೊಡ್ಡ ಖಾಸಗಿ ವಿಮಾನವಂತೆ) ಅಂತ ಊದಿದ್ದಾರೆ. ವಿಚಾರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಇದುವರೆಗೆ ನಾನು ಬಾಡಿಗೆಗೆ ಗೊತ್ತು ಮಾಡಿದ್ದು ಲಾರಿ ಮತ್ತು ಇನ್ನೋವಾ ಮಾತ್ರ! ಕಲಬುರಗಿಯಿಂದಲೇ ಹಾರಬಹುದಾ? ರೇಟು ಹೇಗೆ ಕಟ್ಟುತ್ತಾರೆ? ಅನುಭವ ಇದ್ದವರು ಹೇಳಿ.

ಗಂಜ್ ವ್ಯಾಪಾರಿ, ಕಲಬುರಗಿ
ಲಾರಿ ಗೊತ್ತು ಮಾಡಿದ್ದೀರಲ್ಲ, ಅರ್ಧ ವಿದ್ಯೆ ಬಂದ ಹಾಗೇ. ಲಾರಿ ಖಾಲಿ ಬಂದರೆ ಆ ಡೀಸೆಲ್ ಯಾರ ತಲೆ ಮೇಲೆ? ಇಲ್ಲೂ ಅದೇ ಲೆಕ್ಕ.

ನಾವು ಏಳು ಜನ ಇದೇ ದಾರಿಯಲ್ಲಿ ಹೋಗಿ ಬಂದೆವು. ವಿಮಾನ ಇರುವುದು ಮುಂಬೈಯಲ್ಲಿ, ನಾವು ಹತ್ತಿದ್ದು ಹೈದರಾಬಾದ್‌ನಲ್ಲಿ. ಅದು ಖಾಲಿ ಹಾರಿ ಬಂದ ಒಂದೂಕಾಲು ತಾಸು ನಮ್ಮದೇ. ನಮ್ಮನ್ನು ಇಳಿಸಿ ಮುಂಬೈಗೆ ಖಾಲಿ ವಾಪಸ್ ಹೋದದ್ದೂ ನಮ್ಮದೇ. ನಾವು ಸೀಟಲ್ಲಿ ಕೂತದ್ದು ಹನ್ನೆರಡೂವರೆ ತಾಸು, ಬಿಲ್ಲು ಬಂದದ್ದು ಹದಿನೈದಕ್ಕೆ. ಅದರ ಮೇಲೆ ನೈರೋಬಿಯಲ್ಲಿ ವಿಮಾನ ನಿಂತ ಬಾಡಿಗೆ, ಪೈಲಟ್‌ಗಳ ಹೋಟೆಲು, ಲ್ಯಾಂಡಿಂಗ್ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಜಿಎಸ್‌ಟಿ. ಅದಕ್ಕೇ ತಾಸಿನ ರೇಟು ಕೇಳಬೇಡಿ. 'ನಿಮ್ಮ ವಿಮಾನ ರಾತ್ರಿ ಎಲ್ಲಿ ನಿಲ್ಲುತ್ತದೆ?' ಅಂತ ಮೊದಲು ಕೇಳಿ.

ಇನ್ನೊಂದು. ಎಂಟು ಸೀಟು ಅಂದರೆ ಎಂಟು ಹಾಸಿಗೆ ಅಲ್ಲ. ಎದುರು ಬದುರಿನ ಎರಡು ಸೀಟು ಎಳೆದು ಸೇರಿಸಿದರೆ ಒಂದು ಹಾಸಿಗೆ ಆಗುತ್ತದೆ. ವಾಪಸ್ ಬರುವಾಗ ರಾತ್ರಿ. ಹಿರಿಯರು ಸರದಿಯ ಮೇಲೆ ಮಲಗಿದರು, ಉಳಿದವರು ಅತ್ತಿತ್ತ ಸರಿದಾಡುತ್ತಾ ಬೆಳಗು ಮಾಡಿದೆವು. ಇರುವುದು ಒಂದೇ ಟಾಯ್ಲೆಟ್ಟು, ಅದೂ ನೆನಪಿರಲಿ. ಆದರೆ ನೆಟ್ಟಗೆ ನಿಂತು ಓಡಾಡಬಹುದು, ಅದು ಸುಳ್ಳಲ್ಲ. ಆರಡಿ ಎತ್ತರದ ನಮ್ಮ ಅಣ್ಣನ ತಲೆ ಎಲ್ಲೂ ತಾಗಲಿಲ್ಲ.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ಯಾರೂ ಬೇಡ ಅನ್ನಲಿಲ್ಲ. ಬಿಳಿ ಕಾರ್ಪೆಟ್ ಮೇಲೆ ರೊಟ್ಟಿ ಚೂರು ಬಿದ್ದಾಗ ವಿಮಾನದ ಪರಿಚಾರಕಿ ಹುಡುಗಿ ನಗುತ್ತಲೇ ಎರಡು ಸಲ ಬಂದು ಗುಡಿಸಿದಳು. ನಾಚಿಕೆ ಆಯಿತು, ಮೆತ್ತನೆಯ ರೊಟ್ಟಿ ಒಯ್ಯಿರಿ.

ಬೀದರ್‌ನವನು, ಶಂಶಾಬಾದ್‌ನಲ್ಲಿ (ಹೈದರಾಬಾದ್ ಏರ್‌ಪೋರ್ಟ್) ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ
ಮ್ಯಾನೇಜರ್ ಸಾಹೇಬ್ರೇ, ಕಲಬುರಗಿಯಿಂದ ನೇರ ವಿದೇಶಕ್ಕೆ ಆಗುವುದಿಲ್ಲ. ರನ್‌ವೇ ದೋಷ ಅಲ್ಲ. 2019ರ ನವೆಂಬರ್‌ನಲ್ಲಿ ಶುರುವಾದ ಕಲಬುರಗಿ ನಿಲ್ದಾಣದ ರನ್‌ವೇ 3 ಕಿಲೋಮೀಟರಿಗೂ ಉದ್ದ, ಈ ಜೆಟ್ಟಿಗೆ ಅದರ ಅರ್ಧದ ಸುಮಾರು ಸಾಕು. ಅಲ್ಲಿ ಇಮಿಗ್ರೇಷನ್ ಇಲ್ಲ, ಕಸ್ಟಮ್ಸ್ ಇಲ್ಲ, ಅಷ್ಟೇ. ಕಲಬುರಗಿಯಲ್ಲಿ ಹತ್ತಿದರೂ ಹೈದರಾಬಾದ್‌ನಲ್ಲೋ ಮುಂಬೈಯಲ್ಲೋ ಇಳಿದು ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಸಿಕೊಳ್ಳಲೇಬೇಕು. ಹದಿನೈದು-ಇಪ್ಪತ್ತು ನಿಮಿಷ ಹಾರಿ ಮತ್ತೆ ಇಳಿಯುವುದಕ್ಕೆ ಒಂದು ಲ್ಯಾಂಡಿಂಗ್ ದುಡ್ಡು ಯಾಕೆ? ಹುಮನಾಬಾದ್ ಮೇಲೆ ಕಾರಲ್ಲಿ ಬನ್ನಿ. ನಮ್ಮ ಬೀದರ್ ಅಂತೂ ವಾಯುಪಡೆಯ ನಿಲ್ದಾಣ, ಅವರ ಅನುಮತಿ ಬೇರೆ ಬೇಕು.

ಸೂಪರ್ ಮಿಡ್‌ಸೈಜ್ ಬೇಕಾ ಅಂದರೆ, ನಿಮ್ಮ ದಾರಿಗೆ ಹೌದು. ಹೈದರಾಬಾದ್‌ನಿಂದ ನೈರೋಬಿ ಸುಮಾರು 5,000 ಕಿ.ಮೀ. ಸಣ್ಣ ಜೆಟ್ಟು ನಡುವೆ ಇಳಿದು ಎಣ್ಣೆ ಹಾಕಿಸಬೇಕು. ಸೂಪರ್ ಮಿಡ್‌ಸೈಜ್ ದರ್ಜೆಯಲ್ಲಿ ಚಾಲೆಂಜರ್ 350 ಕಂಪನಿ ಲೆಕ್ಕದಲ್ಲಿ 5,900 ಕಿ.ಮೀ., ಗಲ್ಫ್‌ಸ್ಟ್ರೀಮ್ ಜಿ280 ಸುಮಾರು 6,600, ಪ್ರೇಟರ್ 600 ಏಳು ಸಾವಿರದ ಮೇಲೆ ಹೋಗುತ್ತವೆ. ಅವು ಕಡಿಮೆ ಜನ, ಒಳ್ಳೆ ಹವೆ ಇಟ್ಟುಕೊಂಡು ಕಟ್ಟಿದ ಲೆಕ್ಕ. ಎಂಟು ಜನ, ಸಾಮಾನು, ಎದುರುಗಾಳಿ ಎಲ್ಲ ಹೇಳಿ, 'ನಡುವೆ ಇಳಿಯದೆ ಹೋಗುತ್ತೀರಾ?' ಅಂತ ಬರಹದಲ್ಲಿ ಉತ್ತರ ತಗೊಳ್ಳಿ. ದುಬೈ ಮಾತ್ರ ಆಗಿದ್ದರೆ ಇಷ್ಟು ದೊಡ್ಡ ಜೆಟ್ಟು ನಾನೇ ಬೇಡ ಅಂತಿದ್ದೆ.

ಬೆಳಗ್ಗೆ 6ಕ್ಕೆ ಹಾರಿದರೆ ಅಲ್ಲಿನ ಗಡಿಯಾರದಲ್ಲಿ ಸುಮಾರು 10ಕ್ಕೆ ಇಳಿಯುತ್ತೀರಿ, ಅವರು ನಮಗಿಂತ ಎರಡೂವರೆ ತಾಸು ಹಿಂದೆ. ಮೀಟಿಂಗ್ ಮುಗಿಸಿ ಅದೇ ರಾತ್ರಿ ವಾಪಸ್ ಅನ್ನುವ ಆಸೆ ಮಾತ್ರ ಬೇಡ. ಪೈಲಟ್‌ಗಳ ಡ್ಯೂಟಿ ತಾಸಿಗೆ ಕಾನೂನಿನ ಮಿತಿ ಇದೆ.

ರಸ್ತೆ ಗುತ್ತಿಗೆದಾರ, ಕಲಬುರಗಿ
ನಾನು ಮೋಸ ಹೋದದ್ದು ಹೇಳುತ್ತೇನೆ. ಏಜೆಂಟ್ ಒಬ್ಬ ದೊಡ್ಡ ಜೆಟ್ಟಿನ ಫೋಟೋ ಕಳಿಸಿ ಅಡ್ವಾನ್ಸ್ ತಗೊಂಡ. ಬೆಳಗ್ಗೆ ಹೋಗಿ ನೋಡಿದರೆ ನಿಂತಿದ್ದು ಒಂದು ದರ್ಜೆ ಚಿಕ್ಕದು. 'ಅದು ರಿಪೇರಿಗೆ ಹೋಗಿದೆ ಸಾರ್' ಅಂದ. ಒಪ್ಪಂದದ ಪತ್ರದಲ್ಲಿ 'ಅಥವಾ ಅದಕ್ಕೆ ಸಮನಾದದ್ದು' ಅಂತ ಒಂದು ಸಾಲು ಇತ್ತು, ನಾನು ಓದಿರಲಿಲ್ಲ. ಆವತ್ತು ಬೆನ್ನು ಬಗ್ಗಿಸಿಕೊಂಡೇ ದಿಲ್ಲಿಗೆ ಹೋದೆ. ವಿಮಾನದ ನಂಬರ್ ಪತ್ರದಲ್ಲೇ ಬರೆಸಿ, ನಮ್ಮ ದೇಶದ್ದಾದರೆ ವಿಟಿ ಅಂತ ಶುರುವಾಗುತ್ತದೆ. ಬದಲಿಸಿದರೆ ದುಡ್ಡು ವಾಪಸ್ ಅಂತಲೂ ಬರೆಸಿ.

ಆ ವಿಮಾನಕ್ಕೆ ಡಿಜಿಸಿಎಯ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಇಲಾಖೆ) ನಾನ್ ಶೆಡ್ಯೂಲ್ಡ್ ಪರ್ಮಿಟ್, ಅಂದರೆ ಬಾಡಿಗೆಗೆ ಹಾರಿಸುವ ಪರವಾನಗಿ, ಇದೆಯಾ ನೋಡಿ. ಸ್ವಂತಕ್ಕೆ ಇಟ್ಟುಕೊಂಡ ವಿಮಾನವನ್ನು ಬಾಡಿಗೆಗೆ ಕೊಡುವುದು ಬಿಳಿ ಬೋರ್ಡ್ ಕಾರು ಟ್ಯಾಕ್ಸಿ ಓಡಿಸಿದ ಹಾಗೆ. ಏನಾದರೂ ಆದರೆ ವಿಮೆ ಕೈಕೊಡುತ್ತದೆ.

ಹತ್ತಿ ವ್ಯಾಪಾರಿ, ಯಾದಗಿರಿ
ಸುಮ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆಯಲ್ವಾ? ಸಂಜೆ ಕಲಬುರಗಿಯಲ್ಲಿ ಹುಸೇನ್‌ಸಾಗರ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ. ಎಂಟು ಬಿಸಿನೆಸ್ ಕ್ಲಾಸ್ ಟಿಕೆಟ್ ತಗೊಂಡರೂ ಜೆಟ್ಟಿನ ಬಿಲ್ಲಿನ ಹತ್ತಿರಕ್ಕೂ ಹೋಗುವುದಿಲ್ಲ.

ಗಂಜ್ ವ್ಯಾಪಾರಿ, ಕಲಬುರಗಿ
ಯಾದಗಿರಿ ಅಣ್ಣಾರ ಮಾತು ಖರೇ. ನೈರೋಬಿ ಒಂದೇ ಊರಾದರೆ ನಾನೂ ಟಿಕೆಟ್ಟೇ ತಗೊಳ್ಳುತ್ತೇನೆ. ಅಲ್ಲಿಂದ ಮೊಜಾಂಬಿಕ್‌ನ ಬಂದರಿಗೆ, ಆಮೇಲೆ ತಾಂಜಾನಿಯಾದ ದಾರ್ ಎಸ್ ಸಲಾಂಗೆ ಅಂತ ಸುತ್ತುವುದಿದ್ದರೆ ಮಾತ್ರ ಜೆಟ್ಟು ದಿನ ಉಳಿಸುತ್ತದೆ.

ಒಂದು ಹೇಳುವುದು ಮರೆತಿದ್ದೆ, ಜೆಟ್ಟಿಗಿಂತ ಮುಖ್ಯ. ಹಳದಿ ಜ್ವರದ ಚುಚ್ಚುಮದ್ದು. ಹಾಕಿಸಿ 10 ದಿನ ಆದ ಮೇಲೇ ಆ ಕಾರ್ಡಿಗೆ ಬೆಲೆ. ಕಾರ್ಡ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಬೇರೆ ಇಟ್ಟುಬಿಡುತ್ತಾರೆ, ಸ್ವಂತ ಜೆಟ್ಟಲ್ಲಿ ಬಂದರೂ ಅಷ್ಟೇ. ಕೀನ್ಯಾಗೆ 2024ರಿಂದ ವೀಸಾ ಬದಲು ಇಟಿಎ (ಪ್ರಯಾಣದ ಮುಂಗಡ ಅನುಮತಿ), ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ. ತೊಗರಿ ಸ್ಯಾಂಪಲ್ ಜೇಬಲ್ಲಿ ಹಾಕಿಕೊಂಡು ಬರಬೇಡಿ, ಕಾಳು ತರಲು ಮೊದಲೇ ಪರವಾನಗಿ ಬೇಕು. ನನ್ನ ಎರಡು ಕೈಚೀಲ ಏರ್‌ಪೋರ್ಟಿನಲ್ಲೇ ಉಳಿದವು.

ಬೇಳೆ ಮಿಲ್ ಮ್ಯಾನೇಜರ್, ಕಲಬುರಗಿ
ಎಲ್ಲರಿಗೂ ಶರಣು. ಇವತ್ತು ಇಬ್ಬರಿಗೆ ಫೋನ್ ಮಾಡಿ 'ವಿಮಾನ ರಾತ್ರಿ ಎಲ್ಲಿ ನಿಲ್ಲುತ್ತದೆ?' ಅಂತಲೇ ಶುರು ಮಾಡಿದೆ. ಒಬ್ಬರದು ದಿಲ್ಲಿ, ಒಬ್ಬರದು ಮುಂಬೈ. ದಿಲ್ಲಿಯವರ ತಾಸಿನ ರೇಟು ಕಡಿಮೆ, ಒಟ್ಟು ಬಿಲ್ಲು ಜಾಸ್ತಿ. ಸಾವುಕಾರ್ರ ಮುಂದೆ ಎರಡೂ ಕಾಗದ, ಜೊತೆಗೆ ಟಿಕೆಟ್ಟಿನ ಲೆಕ್ಕ ಇಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ದಾರ್ ಎಸ್ ಸಲಾಂ ಕೂಡ ಸೇರಿಸಿದರೆ ಎಷ್ಟಾಗುತ್ತದೆ ಕೇಳು ಅಂದಿದ್ದಾರೆ. ಚುಚ್ಚುಮದ್ದಿಗೆ ಗುರುವಾರ ಎಂಟೂ ಜನ ಹೈದರಾಬಾದ್‌ಗೆ ಹೊರಟಿದ್ದಾರೆ, ಇನ್ನೋವಾ ಎರಡು ಗೊತ್ತು ಮಾಡಿದ್ದೇನೆ.