ಆನ್‌ಲೈನ್ ಜೂಜಿನ ಚಟ ಗುರುತಿಸುವ ಮಾದರಿ: ಲೇಬಲ್ ತರುವುದು ಎಲ್ಲಿಂದ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ):
ನಮಸ್ಕಾರ. ಜೂಜುತಾಣಗಳ ಖಾತೆ ವಿವರಗಳನ್ನು ನೋಡಿ, ಚಟಕ್ಕೆ ಬೀಳುತ್ತಿರುವವರನ್ನು ಮಷೀನ್ ಲರ್ನಿಂಗ್ ಮೂಲಕ ಮೊದಲೇ ಗುರುತಿಸುವುದು ನನ್ನ ಎಂ.ಟೆಕ್. ಪ್ರಬಂಧದ ವಿಷಯ. ಯುರೋಪಿನ ತಾಣವೊಂದರ ದತ್ತಾಂಶದಲ್ಲಿ ಪಣದ ಮೊತ್ತ, ವೇಳೆ, ಹಣ ಜಮೆ ಮಾಡಿದ್ದು ಎಲ್ಲವೂ ಇದೆ. ಯಾರಿಗೆ ಚಟವಿದೆ ಎಂಬ ಕಾಲಂ, ಅಂದರೆ ಮಾದರಿ ಕಲಿಯಬೇಕಾದ ಉತ್ತರದ ಗುರುತು (ಲೇಬಲ್), ಮಾತ್ರ ಇಲ್ಲ. ಹಲವು ಅಧ್ಯಯನಗಳಂತೆ ನಾನೂ, ಸ್ವಇಚ್ಛೆಯಿಂದ ಖಾತೆ ನಿರ್ಬಂಧಿಸಿಕೊಂಡವರನ್ನೇ ಚಟವಿರುವವರೆಂದು ಎಣಿಸಿ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಣಯ ವೃಕ್ಷಗಳ ಮತ ಸೇರಿಸಿ ವರ್ಗೀಕರಿಸುವ ವಿಧಾನ) ನಡೆಸಿದಾಗ ನಿಖರತೆ ಶೇ. 90 ದಾಟಿತು. ಇದನ್ನು ನಂಬಬಹುದೇ?

ಉತ್ತರ 1 (ಮನಃಶಾಸ್ತ್ರ ಬೋಧಕಿ):
ಲೇಬಲ್ಲನ್ನೇ ಮೊದಲು ಅನುಮಾನಿಸಿ. ತಾಣದ ಸೇವೆಯ ಮೇಲೆ ಸಿಟ್ಟಾಗಿ ಖಾತೆ ಮುಚ್ಚಿದವರು, ಮುನ್ನೆಚ್ಚರಿಕೆಯಿಂದ ನಿಲ್ಲಿಸಿದವರು ನಿಮ್ಮ ಎಣಿಕೆಯೊಳಗೆ ಸೇರಿದ್ದಾರೆ. ಸಾಲ ಮಾಡಿ ಆಡುತ್ತಲೇ ಇರುವವರು ಹೊರಗುಳಿದಿದ್ದಾರೆ. ಬಿವಿನ್ ಎಂಬ ಜೂಜುತಾಣದಲ್ಲಿ 2005ರಲ್ಲಿ ಖಾತೆ ತೆರೆದವರನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಸಂಶೋಧಕರು ಅಧ್ಯಯನ ಮಾಡಿದಾಗ, ಖಾತೆ ಮುಚ್ಚಲು ಆಟಗಾರರು ಕೊಟ್ಟ ಕಾರಣವನ್ನೂ ನೋಡಿ, ಜೂಜಿನ ತೊಂದರೆಯಿಂದ ಮುಚ್ಚಿದವರನ್ನು ಉಳಿದವರಿಂದ ಬೇರ್ಪಡಿಸಿದ್ದರು. ನಿಮ್ಮ ದತ್ತಾಂಶದಲ್ಲಿ ಆ ಕಾರಣ ದಾಖಲಾಗಿದೆಯೇ ಎಂದು ಕೇಳಿ ತಿಳಿಯಿರಿ. ಜೂಜಿನ ತೊಂದರೆ ಅಳೆಯುವ ಪಿಜಿಎಸ್‌ಐ ಎಂಬ 9 ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 8 ಅಥವಾ ಹೆಚ್ಚು ಅಂಕ ಬಂದವರನ್ನು ತೊಂದರೆಗೆ ಸಿಲುಕಿದವರೆಂದು ಎಣಿಸುವುದು ಇನ್ನೊಂದು ದಾರಿ. ಅದು ಖಾತೆ ನಿರ್ಬಂಧವನ್ನೇ ಲೇಬಲ್ ಮಾಡುವುದಕ್ಕಿಂತ ಮೇಲು. ಆದರೆ ಸಮೀಕ್ಷೆಗೆ ಉತ್ತರಿಸುವವರು ಎಲ್ಲ ಆಟಗಾರರ ಪ್ರತಿನಿಧಿಗಳಲ್ಲ ಎಂಬುದು ನೆನಪಿರಲಿ.

ಉತ್ತರ 2 (ಬೆಂಗಳೂರಿನ ದತ್ತಾಂಶ ಎಂಜಿನಿಯರ್):
ಮೇಡಂ ಹೇಳಿದ್ದು ಸರಿ. ಅದರ ಜೊತೆಗೆ ಆ ಶೇ. 90ನ್ನೂ ನಂಬಬೇಡಿ. ನೂರರಲ್ಲಿ ಇಬ್ಬರಿಗೆ ಮಾತ್ರ ಚಟವಿದ್ದರೆ, 'ಯಾರಿಗೂ ಇಲ್ಲ' ಎಂದುಬಿಡುವ ಮಾದರಿಯೂ ಶೇ. 98 ನಿಖರವೇ. ಒಂದು ಲಕ್ಷ ಖಾತೆಗಳಿವೆ, ಚಟವಿರುವವರಲ್ಲೂ ಇಲ್ಲದವರಲ್ಲೂ ಮಾದರಿ ಶೇ. 90ರಷ್ಟು ಸರಿ ಹೇಳುತ್ತದೆ ಎಂದುಕೊಳ್ಳಿ: ಚಟವಿರುವ 2,000 ಮಂದಿಯಲ್ಲಿ 1,800 ಮಂದಿ ಸಿಕ್ಕಿಬೀಳುತ್ತಾರೆ, ಜೊತೆಗೆ ಏನೂ ತೊಂದರೆಯಿಲ್ಲದ 9,800 ಮಂದಿಯೂ ಪಟ್ಟಿಗೆ ಬರುತ್ತಾರೆ. ಅಂದರೆ ಎಚ್ಚರಿಕೆ ಹೋದ ಆರು ಜನರಲ್ಲಿ ಸುಮಾರು ಐವರಿಗೆ ಅದು ಬೇಕಿರಲಿಲ್ಲ.

ಇನ್ನೊಂದು ಮಾತು. ಖಾತೆ ಮುಚ್ಚುವ ಹಿಂದಿನ ದಿನದವರೆಗಿನ ವಿವರವನ್ನೂ ಮಾದರಿಗೆ ಉಣಿಸಿದ್ದರೆ ಅದು ಭವಿಷ್ಯ ಹೇಳುತ್ತಿಲ್ಲ, ಆಗಿಹೋದದ್ದನ್ನು ಓದುತ್ತಿದೆ. ಕೊನೆಯ ಕೆಲವು ವಾರಗಳನ್ನು ತೆಗೆದು ಮತ್ತೆ ಪರೀಕ್ಷಿಸಿ. ಒಟ್ಟು ಸೋಲಿನ ಮೊತ್ತವೊಂದನ್ನೇ ಹಿಡಿದು ಕೂರಬೇಡಿ. ಹಣವಂತನ ದೊಡ್ಡ ಸೋಲಿಗಿಂತ, ರಾತ್ರಿ ಎರಡು ಗಂಟೆಗೆ 500, ಮತ್ತೆ 500, ಬಳಿಕ 1,000 ಎಂದು ನಿಮಿಷಗಳ ಅಂತರದಲ್ಲಿ ಜಮೆ ಮಾಡಿ, ಗೆದ್ದ ಹಣ ಹಿಂಪಡೆಯಲು ಕೊಟ್ಟ ಕೋರಿಕೆಯನ್ನು ತಾನೇ ರದ್ದು ಮಾಡಿ ಅದನ್ನೂ ಪಣಕ್ಕಿಟ್ಟವನ ಜಾಡು ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಕೊನೆಯ ವಾರಗಳನ್ನು ನಾನು ತೆಗೆದಿರಲಿಲ್ಲ. ಇದೇ ಮಾದರಿಯನ್ನು ಭಾರತದಲ್ಲಿ ಬಳಸಬಹುದೇ?

ಉತ್ತರ 3 (ಬ್ಯಾಂಕಿಂಗ್ ಕ್ಷೇತ್ರದವರು):
ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿರುವುದರಿಂದ, ಇಂಥ ದತ್ತಾಂಶವನ್ನು ಕಾನೂನುಬದ್ಧವಾಗಿ ಕೊಡಬಲ್ಲ ತಾಣವೇ ಇಲ್ಲಿಲ್ಲ. ಉಳಿಯುವುದು ಬ್ಯಾಂಕಿನ ವಹಿವಾಟು. ಬ್ರಿಟನ್ನಿನಲ್ಲಿ ಕಾರ್ಡ್ ಪಾವತಿಗೆ 7995 ಎಂಬ ಜೂಜಿನ ವ್ಯಾಪಾರ ಸಂಕೇತವಿರುವುದರಿಂದ ಕೆಲವು ಬ್ಯಾಂಕುಗಳು ಗ್ರಾಹಕರು ಕೋರಿದರೆ ಅಂಥ ಪಾವತಿಯನ್ನೇ ತಡೆಯುತ್ತವೆ. ನಮ್ಮಲ್ಲಿ ಅಕ್ರಮ ತಾಣಗಳು ಯಾರದೋ ಹೆಸರಿನ ಬಾಡಿಗೆ ಖಾತೆಗಳಿಗೆ ಯುಪಿಐ ಮೂಲಕ ಹಣ ತರಿಸಿಕೊಳ್ಳುವಾಗ, ಅದು ನೆಂಟರಿಗೆ ಕಳುಹಿಸಿದ ಹಣದಂತೆಯೇ ಕಾಣುತ್ತದೆ. ಆದ್ದರಿಂದ ನಿಮ್ಮ ಪ್ರಬಂಧದ ವ್ಯಾಪ್ತಿಯನ್ನು ಆ ಯುರೋಪಿನ ತಾಣಕ್ಕೇ ಸೀಮಿತಗೊಳಿಸಿ, ಆಟಗಾರನೊಬ್ಬ ಬೇರೆ ತಾಣಗಳಲ್ಲಿ ಆಡಿದ್ದು ನಿಮ್ಮ ಮಾದರಿಗೆ ಕಾಣುವುದಿಲ್ಲ ಎಂಬುದನ್ನೂ ಮಿತಿಗಳ ಅಧ್ಯಾಯದಲ್ಲಿ ಬರೆಯಿರಿ.